ಮನೆಯಲ್ಲಿ ಕಲಿತ ಮಗುವನ್ನು ಸಾಲಿಗೆ ಹಚ್ಚುವ ಕ್ರಮ

ಬಳಸುವ ಮುನ್ನ

ಈ ಕೈಪಿಡಿ ಸಂಶಿ, ಗುಡಗೇರಿ, ಕುಂದಗೋಳ ಮತ್ತು ಆಸುಪಾಸಿನ ಹಳ್ಳಿಗಳ ತಂದೆ-ತಾಯಂದಿರಿಗೆ, ಅಜ್ಜ-ಅಜ್ಜಿಯರಿಗೆ. ಕೇಳದೆಯೇ ಬುದ್ಧಿ ಹೇಳಲು ಬರುವ ಕಾಕಾಗಳಿಗೆ ಮುಂದೆ ಪ್ರತ್ಯೇಕ ಭಾಗವೊಂದಿದೆ. ಅವರು ಉಳಿದದ್ದನ್ನು ಓದಬೇಕಿಲ್ಲ, ಹೇಗೂ ಓದುವವರಲ್ಲ.

ಮನೆಯಲ್ಲಿ ಕಲಿತ ಮಗು ಎಂದಕೂಡಲೆ ‘ಅವೆಲ್ಲಾ ಬೆಂಗಳೂರು ಮಂದಿ ಶೋಕಿರೀ, ನಮ್ಮ ಕಡೆ ಎಲ್ಲಿ ಅದಾವ’ ಎನ್ನುವವರಿದ್ದಾರೆ. ಅವರಿಗೆ 2020ರ ಮಾರ್ಚ್ ತಿಂಗಳನ್ನು ನೆನಪು ಮಾಡಿಕೊಡಿ. ಆಗ ಕೊರೊನಾಕ್ಕೆ ಮುಚ್ಚಿದ ಶಾಲೆ ಒಂದರಿಂದ ಐದನೆಯ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವಿನ ಒಂದೂವರೆ ವರ್ಷ ಈ ರಾಜ್ಯದ ಸಣ್ಣ ಮಕ್ಕಳೆಲ್ಲ ಮನೆಯಲ್ಲಿ ಕಲಿತವರೇ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂದು ಶುರುವಾಯಿತು. ಮಾಸ್ತರರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಬಂದು ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಕರೆಂಟು ಬರುತ್ತಿದ್ದರೆ. ಆ ವರ್ಷ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಶಾಲೆಯ ಕೋಣೆಯೊಳಗೆ ಕೂತದ್ದು ಎರಡನೆಯ ತರಗತಿ ಅರ್ಧ ಮುಗಿಯುವ ಹೊತ್ತಿಗೆ. ಮುಂದೆ ಸರಕಾರ 2022-23ನ್ನು ಕಲಿಕಾ ಚೇತರಿಕೆ ವರ್ಷ ಎಂದು ಸಾರಿತು, ಮೇ 16ಕ್ಕೇ ಶಾಲೆ ತೆರೆಯಿತು, ಮಳೆಬಿಲ್ಲು ಎಂಬ ಹೆಸರಿನಲ್ಲಿ ಮಕ್ಕಳನ್ನು ಮೊದಲು ಹಾಡಿಸಿ ಕುಣಿಸಿ ಆಮೇಲೆ ಪುಸ್ತಕಕ್ಕೆ ಕರೆತಂದಿತು. ಮೊದಲು ಹಾಡಿಸಿದ್ದು ಬಹಳ ಜಾಣತನದ ಕೆಲಸ. ಈ ಕೈಪಿಡಿಯ ಅರ್ಧ ಅಲ್ಲಿಂದಲೇ ಕದ್ದದ್ದು.

ಆ ಪೀಳಿಗೆ ಈಗ ಮೀಸೆ ಮೂಡುವ ಹಂತಕ್ಕೆ ಬರುತ್ತಿದೆ. ಆದರೆ ಮನೆಯಲ್ಲಿ ಕಲಿಯುವ ಮಕ್ಕಳು ಆಗಲೂ ಇದ್ದರು, ಈಗಲೂ ಇದ್ದಾರೆ. ಅಪ್ಪ-ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದಾಗ ಜೊತೆಗೆ ಹೋಗಿ, ಎರಡು ವರ್ಷ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲದೆ ಮರಳಿದವರು. ತಂಗಿಯನ್ನು ಎತ್ತಿಕೊಳ್ಳಲು ಮನೆಯಲ್ಲಿ ಉಳಿದ ಅಕ್ಕಂದಿರು. ಹೊಲದ ಮನೆಯಲ್ಲಿ ಅಜ್ಜನ ಕೈಕೆಳಗೆ ಬೆಳೆದವರು. ಇನ್ನು ನಡೆಯಲು, ಮಾತಾಡಲು ತೀರ ಕಷ್ಟವಿರುವ ಮಕ್ಕಳ ಮನೆಗೆ ಶಿಕ್ಷಕರೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣ ಒಂದಿದೆ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ ಅದು ಆ ಮಕ್ಕಳ ಹಕ್ಕೂ ಆಗಿದೆ. ಅವರಲ್ಲೂ ಕೆಲವರು ಒಂದು ದಿನ ಶಾಲೆಯ ಮೆಟ್ಟಿಲು ಹತ್ತುತ್ತಾರೆ. ಇವರೆಲ್ಲರಿಗೂ ಕ್ರಮ ಒಂದೇ, ಅಳತೆ ಮಾತ್ರ ಬೇರೆ ಬೇರೆ.

ಪೆಟ್ಟಿಗೆಯಲ್ಲಿ ಏನೇನಿದೆ

ಮಗುವನ್ನು ಶಾಲೆಗೆ ಒಯ್ಯುವ ಮುನ್ನ ಅದರ ಜೊತೆ ಬಂದ ಸಾಮಾನನ್ನು ಎಣಿಸಿಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ. ಇಲ್ಲದ್ದನ್ನೇ ಎಣಿಸುತ್ತಾರೆ: ಇಂಗ್ಲಿಷ್ ಬರೂದಿಲ್ಲ, ಒತ್ತಕ್ಷರ ಬರೂದಿಲ್ಲ, ಭಾಗಾಕಾರ ಬರೂದಿಲ್ಲ. ಪಟ್ಟಿ ಉದ್ದವಾದಷ್ಟೂ ಓದಿ ಹೇಳುವವರ ದನಿ ಏರುತ್ತದೆ. ಮಗು ಪಕ್ಕದಲ್ಲೇ ನಿಂತಿರುತ್ತದೆ.

ಹೊಲದ ಮನೆಯಲ್ಲಿ ಎಂಟು ವರ್ಷ ಕಳೆದ ಹುಡುಗಿಯೊಬ್ಬಳನ್ನು ನಾನು ಹತ್ತಿರದಿಂದ ಬಲ್ಲೆ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಯಾರೋ ಒಬ್ಬನ ಬಳಿ ತೊಂಬತ್ತು ಮಾವಿನಹಣ್ಣು ಇದ್ದವು, ಅವನ್ನು ಮೂವರಿಗೆ ಸಮನಾಗಿ ಹಂಚಬೇಕಿತ್ತು. ಹುಡುಗಿ ಪುಸ್ತಕ ನೋಡುತ್ತಾ ಕೂತಳು. ತೊಂಬತ್ತು ಮಾವಿನಹಣ್ಣನ್ನು ಒಬ್ಬನೇ ಇಟ್ಟುಕೊಂಡದ್ದೇ ಅವಳಿಗೆ ನಂಬಲಾಗದ ಸಂಗತಿ. ಆಮೇಲೆ ಮಾಸ್ತರರು ಬೇರೆ ಥರ ಕೇಳಿದರು: ‘ಎರಡು ಎಕರೆ ಹತ್ತು ಗುಂಟೆ ಹೊಲ ಐತಿ. ಮೂರು ಮಂದಿ ಅಣ್ತಮ್ಮರು. ಪಾಲು ಎಷ್ಟೆಷ್ಟು?’ ಬೆರಳು ಮಡಚದೆ ಅಂದಳು: ‘ತಲಾ ಮೂವತ್ತು ಗುಂಟೆರೀ. ಆದ್ರ ದೊಡ್ಡವರು ಒಪ್ಪಂಗಿಲ್ರೀ, ರಸ್ತಾದ ಕಡೀದು ಬೇಕಂತಾರ.’

ಎಕರೆಯನ್ನು ಗುಂಟೆ ಮಾಡಲು ನಲವತ್ತರಿಂದ ಗುಣಿಸಬೇಕು, ಹತ್ತು ಕೂಡಿಸಬೇಕು, ಮೂರರಿಂದ ಭಾಗಿಸಬೇಕು. ಭಾಗಾಕಾರ ಬರುವುದಿಲ್ಲ ಎಂದು ಮನೆಯವರು ಬರೆಸಿದ್ದ ಪಟ್ಟಿಯಿಂದ ಅವತ್ತೇ ಒಂದು ಸಾಲು ಅಳಿಸಬೇಕಾಯಿತು. ಅವಳಿಗೆ ಬಾರದಿದ್ದದ್ದು ಅದನ್ನು ಹಾಳೆಯ ಮೇಲೆ ಬರೆಯುವ ರೀತಿ. ಅದು ಎರಡು ವಾರದ ಕೆಲಸ.

ಆದ್ದರಿಂದ ಪಟ್ಟಿ ಹೀಗೆ ಮಾಡಿ. ಮೆಣಸಿನಕಾಯಿ ತೂಗುವಾಗ ಮುಳ್ಳು ನೋಡಲು ಬರುತ್ತದೆಯೇ? ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳ ಹೆಸರನ್ನು ಸಾಲಾಗಿ ಹೇಳುತ್ತದೆಯೇ? ಅಂಗಡಿಯಿಂದ ಚಿಲ್ಲರೆ ಸರಿಯಾಗಿ ತರುತ್ತದೆಯೇ? ಕೇಳಿದ ಕಥೆಯನ್ನು ತಿರುಗಿ ಹೇಳುತ್ತದೆಯೇ? ಗೋವಾದಲ್ಲಿದ್ದು ಬಂದ ಮಗುವಾದರೆ ಕೊಂಕಣಿ, ಹಿಂದಿ ಎಷ್ಟು ಬರುತ್ತದೆ? ಕೊನೆಯದನ್ನು ದಾಖಲೆಯಲ್ಲಿ ಬರೆಯಲು ಕಾಲಂ ಇಲ್ಲ, ಆದರೂ ಬರೆಯಿರಿ.

ಕಾಗದಪತ್ರ

ಜನನ ಪ್ರಮಾಣಪತ್ರ, ಆಧಾರ್, ಹಿಂದಿನ ಶಾಲೆಯ ಟಿಸಿ, ಶಾಲಾ ದಾಖಲೆಯ ಸ್ಯಾಟ್ಸ್ ನಂಬರು. ಇದ್ದರೆ ಒಯ್ಯಿರಿ. ಇಲ್ಲದಿದ್ದರೂ ಮಗುವನ್ನು ಒಯ್ಯಿರಿ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ, ಟಿಸಿ ತಡವಾಯಿತೆಂದು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ, ಸೇರಿಸುವ ಮುನ್ನ ಪರೀಕ್ಷೆ ಇಡುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇಷ್ಟನ್ನೂ ಹೇಳುತ್ತದೆ. ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಹೆಡ್‌ಮಾಸ್ತರರ ಮುಂದೆ ಒದರುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹಳ್ಳಿಯ ಸರಕಾರಿ ಶಾಲೆಯಲ್ಲಿ ಒಂದು ಮಗು ಹೆಚ್ಚಾದರೆ ಬೇಸರಪಡುವವರಿಗಿಂತ ಖುಷಿಪಡುವವರೇ ಹೆಚ್ಚು. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಯೂ ಇಳಿಯುತ್ತದೆ.

ವಯಸ್ಸು ಕೇಳಿದಾಗ ಅಜ್ಜಿಯನ್ನು ಮುಂದೆ ಬಿಡಬೇಡಿ. ‘ಬೆಣ್ಣಿಹಳ್ಳ ತುಂಬಿ ಬಂದಿತ್ತಲ್ರೀ, ಆ ವರ್ಷ ಹುಟ್ಟಿದ್ದು’ ಎನ್ನುತ್ತಾಳೆ. ಬೆಣ್ಣಿಹಳ್ಳ ತುಂಬಿ ಬಂದ ವರ್ಷಗಳು ಬಹಳ. 2019ರ ಆಗಸ್ಟ್‌ನದೋ, ಅದಕ್ಕೂ ಹಿಂದಿನದೋ ಎಂದು ಇಡೀ ಪಡಸಾಲೆ ವಾದಕ್ಕಿಳಿದು, ಕೊನೆಗೆ ಮಗುವಿನ ವಯಸ್ಸು ಆರೂ ಆಗಬಹುದು, ಹತ್ತೂ ಆಗಬಹುದು ಎಂಬಲ್ಲಿಗೆ ಬರುತ್ತದೆ. ಅಂಗನವಾಡಿಯ ಪುಸ್ತಕ, ಚುಚ್ಚುಮದ್ದಿನ ಕಾರ್ಡು ಹುಡುಕಿ ಒಯ್ದರೆ ಕೆಲಸ ಸುಲಭ.

ಎಲ್ಲಿ ಕೂರಿಸಬೇಕು

ಈ ಭಾಗವನ್ನು ಎರಡು ಸಲ ಓದಿ.

ಒಂಬತ್ತು ವರ್ಷದ ಮಗು, ಅಕ್ಷರ ಅರ್ಧಂಬರ್ಧ. ಅಪ್ಪ ಹೇಳುತ್ತಾನೆ: ‘ಒಂದನೇತ್ತಿಗೇ ಹಾಕ್ರಿ ಸರ್, ತಳಾ ಗಟ್ಟಿ ಆಗ್ಲಿ.’ ಮಾತು ಕೇಳಲು ಶಹಾಣತನದ್ದಾಗಿದೆ. ಹಾಗೆ ಮಾಡಿದರೆ ಆಗುವುದೇನೆಂದರೆ, ಒಂಬತ್ತರ ಮಗು ಆರರ ಮಕ್ಕಳ ನಡುವೆ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂರುತ್ತದೆ. ಆಟದ ಹೊತ್ತಿಗೆ ಅದರ ವಾರಿಗೆಯವರು ಇನ್ನೊಂದು ಕಡೆ ಇರುತ್ತಾರೆ. ಮೂರನೆಯ ದಿನ ‘ದೊಡ್ಡ ಕೂಸು’ ಎಂದು ಹೆಸರು ಬೀಳುತ್ತದೆ. ನಾಲ್ಕನೆಯ ದಿನ ಹೊಟ್ಟೆ ನೋಯುತ್ತದೆ. ಹೊಟ್ಟೆನೋವು ಸುಳ್ಳಲ್ಲ, ಅವಮಾನ ಮಕ್ಕಳಿಗೆ ಹೊಟ್ಟೆಯಲ್ಲಿಯೇ ಏಳುತ್ತದೆ.

ಕಾಯ್ದೆಯ ನಾಲ್ಕನೆಯ ಕಲಮು ಇದಕ್ಕೇ ಇದೆ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಬೇಕು. ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಬೇರೆಯಾಗಿ ಕೊಡಬೇಕು. ಕೇಂದ್ರದ ನಿಯಮಗಳ ಪ್ರಕಾರ ಆ ತರಬೇತಿಗೆ ಕಡಿಮೆಯೆಂದರೆ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಶುಲ್ಕವಿಲ್ಲದೆ ಕಲಿಯುವ ಹಕ್ಕು ಉಳಿಯುತ್ತದೆ. ಎರಡು ವರ್ಷ ಎಂದು ಬರೆದವರು ಯಾರೋ ಮಕ್ಕಳನ್ನು ಕಂಡವರೇ ಇರಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಕೊಡುವ ವಾಯಿದೆ ದಸರೆಯ ರಜೆಯವರೆಗೆ.

ನಲಿ-ಕಲಿ ಕೋಣೆಯ ವಿಶೇಷ ಸೂಚನೆ

ಮಗು ಎಂಟರೊಳಗಿದ್ದರೆ ನಿಮ್ಮ ಅದೃಷ್ಟ. ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆ ಇದೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ ಇದು. ಗೋಡೆಯ ಮೇಲೆ ಕಲಿಕೆಯ ಏಣಿ, ಮೆಟ್ಟಿಲಿಗೊಂದು ಕಾರ್ಡು, ಕಾರ್ಡಿಗೊಂದು ಚಿತ್ರದ ಗುರುತು. ಮಕ್ಕಳು ಕೂರುವುದು ತರಗತಿಯ ಪ್ರಕಾರ ಅಲ್ಲ, ತಟ್ಟೆಯ ಪ್ರಕಾರ: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಅರ್ಧ ಸಹಾಯದವರು ಒಂದು ಕಡೆ, ಗೆಳೆಯರ ಜೊತೆ ಕಲಿಯುವವರು, ತಾವೇ ಕಲಿಯುವವರು ಹೀಗೆ. ಎರಡು ತಿಂಗಳು ಬಾರದೆ ಇದ್ದ ಮಗು ಬಂದರೆ, ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತದೆ. ಮನೆಯಲ್ಲಿ ಕಲಿತ ಮಗುವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಕಷ್ಟವಿರುವುದು ನಾಲ್ಕನೆಯ ತರಗತಿಯಿಂದ. ಅಲ್ಲಿ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಟ.

ಆದರೆ ನಲಿ-ಕಲಿಯಲ್ಲಿ ಮನೆಯವರಿಗೆ ಒಂದು ಆಘಾತ ಕಾದಿರುತ್ತದೆ. ಅದರಲ್ಲೂ ಅಜ್ಜನಿಗೆ.

ಅಜ್ಜ ಮಗುವಿಗೆ ಅಂಕಲಿಪಿ ಹಿಡಿದು ಅ ಆ ಇ ಈ ಕಲಿಸಿರುತ್ತಾನೆ. ತಾನು ಮುಲ್ಕಿ ಪರೀಕ್ಷೆಗೆ ಕೂತ ಕಾಲದ ಶಿಸ್ತಿನಲ್ಲಿ, ಮಗ್ಗಿ ಅಷ್ಟೇ ಅಲ್ಲ, ಪಾವಕಿ, ದೀಡಕಿ ಕೂಡ ಬಾಯಿಪಾಠ ಮಾಡಿಸಿರುತ್ತಾನೆ. ಮಗು ಶಾಲೆಯಿಂದ ಬಂದು ಹೇಳುತ್ತದೆ: ‘ಯಜ್ಜಾ, ಅಲ್ಲೆ ಮೊದ್ಲು ರ ಅಂತ. ರ ಗ ಸ ದ ಅ.’ ಅಜ್ಜ ಕನ್ನಡಕ ತೆಗೆಯುತ್ತಾನೆ. ಅ ಐದನೆಯ ಅಕ್ಷರವೇ? ಮರುದಿನ ರುಮಾಲು ಸುತ್ತಿಕೊಂಡು ಶಾಲೆಗೇ ಬರುತ್ತಾನೆ. ‘ಗರಗಸ ಬಡಿಗ್ಯಾರ ಮನ್ಯಾಗ ಇರ್ಲಿ ಅಕ್ಕೋರ, ಹುಡುಗೀಗ ಅ ಆ ಕಲಸ್ರಿ.’

ಅಕ್ಕೋರಿಗೆ ಇಂಥ ಅಜ್ಜಂದಿರು ಹೊಸಬರಲ್ಲ. ಒಂದು ಪಾಟಿ ಕೊಟ್ಟು ‘ನೀವ ಬರದು ನೋಡ್ರಿ ಯಜ್ಜಾರ’ ಎನ್ನುತ್ತಾರೆ. ರ ಬರೆದು ಗ, ಸ, ದ, ಅ ಬರೆದರೆ ಒಂದರ ಬಾಗು ಇನ್ನೊಂದಕ್ಕೆ ಒದಗುವುದು ಕೈಗೇ ತಿಳಿಯುತ್ತದೆ. ಇಷ್ಟು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವಾರ ಕಳೆಯುವುದರೊಳಗೆ ಮಗು ಒಂದು ಪದ ಓದಿರುತ್ತದೆ. ಅ ಆ ಇ ಈ ಇಂದ ಹೊರಟರೆ ಪದ ಸಿಗಲು ಬಹಳ ದೂರ ನಡೆಯಬೇಕು. ಅಜ್ಜ ಒಪ್ಪುವುದಿಲ್ಲ. ಒಪ್ಪಿಸುವ ಅಗತ್ಯವೂ ಇಲ್ಲ. ಮನೆಯಲ್ಲಿ ಅವನ ಕ್ರಮ, ಶಾಲೆಯಲ್ಲಿ ಶಾಲೆಯ ಕ್ರಮ. ಮಕ್ಕಳು ಎರಡನ್ನೂ ಸಲೀಸಾಗಿ ಇಟ್ಟುಕೊಳ್ಳುತ್ತಾರೆ. ಮಾಡಬಾರದ್ದು ಒಂದೇ: ‘ನಿಮ್ಮ ಅಕ್ಕೋರಿಗೆ ಏನೂ ಬರೂದಿಲ್ಲ’ ಎಂದು ಮಗುವಿನ ಎದುರು ಹೇಳುವುದು. ಹಾಗೆಯೇ ‘ನಿಮ್ಮ ಅಜ್ಜ ಕಲಿಸಿದ್ದೆಲ್ಲ ತಪ್ಪು’ ಎಂದು ಶಾಲೆಯಲ್ಲಿ ಹೇಳುವುದು. ಇಬ್ಬರೂ ಬಾಯಿ ಬಿಗಿಹಿಡಿದರೆ ಮಗುವಿನ ಅರ್ಧ ಪಾಠ ಮುಗಿದಂತೆ.

ಅದೇ ಕೋಣೆಯಲ್ಲಿ ಹವಾಮಾನದ ಪಟ್ಟಿಯೊಂದಿರುತ್ತದೆ. ಬಿಸಿಲು, ಮೋಡ, ಮಳೆ, ಇವತ್ತಿನದು ಯಾವುದೆಂದು ಮಕ್ಕಳು ದಿನವೂ ಗುರುತು ಹಾಕಬೇಕು. ಗುಂಟೆ ಲೆಕ್ಕದ ನಮ್ಮ ಹುಡುಗಿಯ ಪಾಳಿ ಬಂದ ದಿನ ಹೊರಗೆ ಚೊಕ್ಕ ಬಿಸಿಲಿತ್ತು. ಅವಳು ಮಳೆಯ ಗುರುತು ಹಾಕಿದಳು. ‘ಉತ್ರಿ ಮಳಿ ಹೊಕ್ಕೈತ್ರೀ, ಸಂಜಿಮುಂದ ಬರ್ತೈತಿ.’ ಪಟ್ಟಿಯಲ್ಲಿ ಸಂಜೆಗೆ ಜಾಗವಿರಲಿಲ್ಲ. ಅಕ್ಕೋರು ಬಿಸಿಲನ್ನೇ ಹಾಕಿಸಿದರು, ಮತ್ತು ಬಟ್ಟೆ ಒಣಹಾಕಿ ಬಂದಿದ್ದ ಅಡುಗೆಯಾಕೆಗೆ ಹೇಳಿ ಕಳಿಸಿದರು. ಒಳ್ಳೆಯ ಶಿಕ್ಷಕಿಯ ಲಕ್ಷಣ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮೊದಲ ವಾರದ ಚಾಲನೆ

ಪಾಠಕ್ಕಿಂತ ಮೊದಲು ತೊಡಕಾಗುವುದು ಬೇರೆ ಸಂಗತಿಗಳು. ಒಂದಕ್ಕೆ ಹೋಗಲು ಕೇಳಿ ಹೋಗಬೇಕು ಎಂಬುದು ಮನೆಯಲ್ಲಿ ಬೆಳೆದ ಮಗುವಿಗೆ ಗೊತ್ತಿರುವುದಿಲ್ಲ. ಪಾಠದ ನಡುವೆ ಎದ್ದು ಸೀದಾ ಹೊರಗೆ ನಡೆಯುತ್ತದೆ. ಬರುವಾಗ ಹುಣಸೆಕಾಯಿ ತರುತ್ತದೆ, ಗೆಳೆಯರಿಗೂ ಹಂಚುತ್ತದೆ. ಗೊತ್ತಿದ್ದದ್ದನ್ನು ಕೈ ಎತ್ತಿ ಹೇಳಬೇಕು, ಗೊತ್ತಿಲ್ಲದಾಗ ಸುಮ್ಮನಿರಬೇಕು, ಇನ್ನೊಬ್ಬನಿಗೆ ಕೇಳಿದ ಪ್ರಶ್ನೆಗೆ ತಾನು ಉತ್ತರ ಕೊಡಬಾರದು. ಇವೆಲ್ಲ ವಿಚಿತ್ರ ರೂಢಿಗಳು. ಅಜ್ಜಿ ಒಗಟು ಹಾಕಿದಾಗ ಯಾರಿಗೆ ಹೊಳೆಯಿತೋ ಅವರು ಕೂಗುತ್ತಿದ್ದರು.

ಇವನ್ನು ಮನೆಯಲ್ಲಿ ಆಟದ ಹಾಗೆ ಆಡಿಸಿ. ಮಗು ಮಾಸ್ತರ, ನೀವು ವಿದ್ಯಾರ್ಥಿ. ಒಂದಕ್ಕೆ ಹೋಗಲು ಮಗುವಿನ ಅಪ್ಪಣೆ ಕೇಳಿ. ಅದು ‘ಬ್ಯಾಡ, ಕುಂದ್ರು’ ಎನ್ನುತ್ತದೆ. ಶಾಲೆ ಎಂದರೇನೆಂದು ನಿಮಗೂ ನೆನಪಾಗುತ್ತದೆ.

ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಸಾಲಿನಲ್ಲಿ ನಿಂತು ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು. ಊಟದ ಸಾಲಿನಲ್ಲಿ ಗೆಳೆತನ ಬೇಗ ಆಗುತ್ತದೆ. ಆದ್ದರಿಂದ ಮೊದಲ ವಾರ ‘ಮನಿಗೆ ಬಂದು ಬಿಸಿ ರೊಟ್ಟಿ ಉಂಡು ಹೋಗು’ ಎಂದು ಮಗುವನ್ನು ಮಧ್ಯಾಹ್ನ ಕರೆತರಬೇಡಿ. ನಿಮ್ಮ ರೊಟ್ಟಿ ರುಚಿಯದೇ. ಅಲ್ಲಿಯ ಅನ್ನ-ಸಾರಿನ ಜೊತೆ ಸಿಗುವುದು ಬೇರೆ.

ದಿನನಿತ್ಯದ ಬಳಕೆ

ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸಿ. ಇಷ್ಟೇ. ಹುಬ್ಬಳ್ಳಿಯ ಟ್ಯೂಶನ್ ಬೇಡ, ಮೂರು ಬಣ್ಣದ ವರ್ಕ್‌ಬುಕ್ ಬೇಡ. ಹದಿನೈದು ನಿಮಿಷ ಬಹಳ ಸಣ್ಣ ಹೊತ್ತೆನಿಸುತ್ತದೆ, ದಿನಾಲೂ ಮಾಡಿ ನೋಡಿದವರಿಗೆ ಮಾತ್ರ ಅದರ ಉದ್ದ ಗೊತ್ತು.

ಏನು ಓದಿಸಬೇಕು? ಬಸ್ಸಿನ ಬೋರ್ಡು, ಬೀಜದ ಪಾಕೀಟು, ಗೊಬ್ಬರದ ಚೀಲ, ನ್ಯಾಯಬೆಲೆ ಅಂಗಡಿಯ ಫಲಕ. ಎಲ್ಲಕ್ಕಿಂತ ಮಿಗಿಲಾಗಿ ಲಗ್ನಪತ್ರಿಕೆ. ಒತ್ತಕ್ಷರದ ಅಭ್ಯಾಸಕ್ಕೆ ಲಗ್ನಪತ್ರಿಕೆಗಿಂತ ಒಳ್ಳೆಯ ಪುಸ್ತಕವನ್ನು ಸರಕಾರ ಇನ್ನೂ ಅಚ್ಚು ಹಾಕಿಸಿಲ್ಲ. ಮೇಲಿನ ದೇವರಿಂದ ಶುರುಮಾಡಿ ಕೆಳಗಿನ ‘ಸುಖಾಗಮನ ಬಯಸುವವರು’ ತನಕ ಓದಿದರೆ ಕನ್ನಡದ ಕಠಿಣ ಕೂಡಕ್ಷರಗಳೆಲ್ಲ ಒಮ್ಮೆ ಬಂದು ಹೋಗುತ್ತವೆ. ಕೊನೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಅಜ್ಜಿ ಕೇಳುವುದರಿಂದ ಅರ್ಥಗ್ರಹಣದ ಪರೀಕ್ಷೆಯೂ ಆಗುತ್ತದೆ. ಇವೆಲ್ಲ ಮುಗಿದ ಮೇಲೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಕಳಿಸಿ. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಎಂಬ ಅಭಿಯಾನ ಬಂದ ಮೇಲೆ ಆರರಿಂದ ಹದಿನೆಂಟರ ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ದುಡ್ಡಿಲ್ಲ.

ಓದುವಾಗ ಪುಸ್ತಕದಲ್ಲಿ ‘ಅವನು ಹೋಗುತ್ತಾನೆ’ ಎಂದಿದ್ದದ್ದನ್ನು ಮಗು ‘ಅಂವ ಹೊಕ್ಕಾನ’ ಎಂದು ಓದಿದರೆ ತಲೆಗೆ ಮೊಟಕಬೇಡಿ. ಅಕ್ಷರ ಕೂಡಿಸಿ ಗಿಳಿಪಾಠ ಒಪ್ಪಿಸುವವನು ಹಾಗೆ ಓದಲಾರ. ಅರ್ಥ ಹಿಡಿದವನು ಓದುತ್ತಾನೆ.

ಮನೆಗೆ ಬೀಗರು ಬಂದಾಗ ಮಗುವನ್ನು ಕರೆದು ‘ಹದಿನೇಳರ ಮಗ್ಗಿ ಹೇಳ ನೋಡೂಣು’ ಎನ್ನುವುದು ಸಂಪೂರ್ಣ ನಿಷಿದ್ಧ. ಬೇಕಿದ್ದರೆ ಬೀಗರಿಗೇ ಕೇಳಿ.

ಹಳದಿ ಬಸ್ಸಿನ ಬಗ್ಗೆ ಒಂದು ಮಾತು. ಸರಕಾರಿ ಶಾಲೆಗೆ ಸೇರಿ ಆರು ತಿಂಗಳಾಗಿ, ಮಗು ಈಗಷ್ಟೇ ಕನ್ನಡ ಓದಲು ಹಿಡಿದಿರುತ್ತದೆ. ಆಗ ಬೆಳಿಗ್ಗೆ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಊರಿನ ರಸ್ತೆಯಲ್ಲಿ ಹಾರ್ನ್ ಹಾಕುತ್ತದೆ. ನಿಮ್ಮ ಎದೆ ಝಲ್ಲೆನ್ನುತ್ತದೆ. ಒಂದು ಲೋಟ ನೀರು ಕುಡಿಯಿರಿ, ಬಸ್ಸು ಹೋಗುತ್ತದೆ.

ಕಾಕಾಗಳ ಭಾಗ

ಸ್ವಾಗತ. ನೀವು ಏನು ಹೇಳಲಿದ್ದೀರೆಂದು ಗೊತ್ತು. ‘ಭೀಮಸೇನ ಜೋಶಿ ಎಷ್ಟು ಕಲ್ತಿದ್ರು? ಹನ್ನೊಂದು ವರ್ಷಕ್ಕ ಮನಿ ಬಿಟ್ಟು ಓಡಿಹೋದ್ರು. ಇಲ್ಲೇ ಕುಂದಗೋಳದಾಗ ನೀರು ಹೊತ್ತು ಹಾಡು ಕಲ್ತ್ರು. ಭಾರತರತ್ನ ಬಂತಿಲ್ಲೋ?’

ಬಂತು. 1933ರಲ್ಲಿ ಮನೆ ಬಿಟ್ಟದ್ದೂ ನಿಜ, ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಬಳಿ ಕಲಿತದ್ದೂ ನಿಜ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಊರಿಗೆ ಬಂದು ಅದೇ ಗುರುವಿನ ಮುಂದೆ ಕೂತರು. ಆ ಗುರುವಿನ ಪೂರ್ತಿ ಹೆಸರು ರಾಮಚಂದ್ರ ಕುಂದಗೋಳಕರ ಸಂಶಿ. ನಮ್ಮ ಊರಿನ ಹೆಸರನ್ನು ಜೊತೆಯಲ್ಲೇ ಇಟ್ಟುಕೊಂಡವರು. ರೈಲು ಈಗಲೂ ಕುಂದಗೋಳ ದಾಟಿದ ಮೇಲೆ ಸಂಶಿಗೆ ಬರುತ್ತದೆ. ಇಷ್ಟೆಲ್ಲ ನಮಗೂ ಹೆಮ್ಮೆಯೇ.

ಆದರೆ ಕಾಕಾ, ಎರಡು ಸಂಗತಿ ಬಿಟ್ಟಿರಿ. ಭೀಮಸೇನರ ತಂದೆ ಗುರುರಾಜ ಜೋಶಿ ಸ್ವತಃ ಶಾಲಾ ಮಾಸ್ತರರು. ಅಕ್ಷರ, ಪುಸ್ತಕ ಇದ್ದ ಮನೆಯಿಂದ ಓಡಿಹೋಗುವುದಕ್ಕೂ ಅಕ್ಷರವೇ ಬಾರದ ಮನೆಯಲ್ಲಿ ಉಳಿಯುವುದಕ್ಕೂ ಅಂತರವಿದೆ. ಮತ್ತೆ ಕುಂದಗೋಳದ ಆ ಮನೆ ಶಾಲೆಯಿಲ್ಲದ ಜಾಗವಲ್ಲ. ಎದುರಿಗೆ ಗುರು, ವರ್ಷಗಟ್ಟಲೆ ದಿನಾಲೂ ಪಾಠ, ತಪ್ಪಿದರೆ ತಿದ್ದುವವರು. ಯಾವ ಸರಕಾರಿ ಶಾಲೆಗಿಂತಲೂ ಬಿಗಿ. ಈ ಉದಾಹರಣೆಯನ್ನು ಯಾವ ಹುಡುಗನಿಗಾಗಿ ಕೊಡುತ್ತೀರೋ ಅವನಿಗೆ ನೀವು ಕಲಿಸುತ್ತಿರುವುದು ಇಸ್ಪೀಟಿನ 29 ಆಡುವುದನ್ನು.

ದೋಷ ಮತ್ತು ಪರಿಹಾರ

ಮಗು ಶಾಲೆಯಲ್ಲಿ ಮಾತಾಡುತ್ತಿಲ್ಲ, ಮನೆಯಲ್ಲಿ ನಿಲ್ಲಿಸುತ್ತಿಲ್ಲ: ದೋಷವಲ್ಲ, ದೀಪಾವಳಿಯವರೆಗೆ ಕಾಯಿರಿ. ಬರೆಯುವಾಗ ಸಾಲು ಗುಡ್ಡ ಹತ್ತುತ್ತಿದೆ: ಎರಡು ಗೆರೆಯ ನೋಟ್‌ಬುಕ್ ಕೊಡಿ. ಸಂಗಡಿಗರು ಹಂಗಿಸುತ್ತಿದ್ದಾರೆ: ಮಾಸ್ತರರಿಗೆ ಒಮ್ಮೆ ಸಣ್ಣಗೆ ಹೇಳಿ. ಆ ಮಕ್ಕಳ ಮನೆಗೆ ಹೋಗಿ ಜಗಳ ತೆಗೆಯಬೇಡಿ. ನೀವು ಜಗಳವಾಡಿ ಮಾತು ಬಿಟ್ಟ ಮರುದಿನ ಮಕ್ಕಳಿಬ್ಬರೂ ಕೂಡಿ ಗೋಲಿ ಆಡುತ್ತಿರುತ್ತಾರೆ, ನಿಮಗೆ ಮಾತ್ರ ಜಾತ್ರೆಯವರೆಗೆ ಮುಖ ತಿರುಗಿಸಿಕೊಂಡು ಓಡಾಡುವ ಪಾಡು. ಹೊಡೆಯುವ ಶಿಕ್ಷಕರಿದ್ದರೆ ಮಾತ್ರ ಸಣ್ಣಗೆ ಹೇಳುವುದು ಬೇಡ. ಕಾಯ್ದೆ ಅದನ್ನು ನಿಷೇಧಿಸಿದೆ, ಮಾತಿನ ಏಟನ್ನೂ ನಿಷೇಧಿಸಿದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ನಿಂತು ಹೇಳಿ. ‘ಎರಡು ಹಾಕ್ರಿ ಸರ್, ಬುದ್ಧಿ ಬರ್ಲಿ’ ಎಂದು ಸೇರಿಸುವಾಗ ನೀವೇ ಹೇಳಿದ್ದರೆ ಮೊದಲು ಆ ಮಾತನ್ನು ಹಿಂದೆಗೆದುಕೊಳ್ಳಿ.

ಇನ್ನು ಉಳಿದದ್ದು ದೊಡ್ಡ ದೋಷ. ಇದು ಮಗುವಿನಲ್ಲಿ ಬರುವುದಿಲ್ಲ.

ಜೂನ್‌ನಲ್ಲಿ ಸೇರಿಸುತ್ತೀರಿ. ಜುಲೈ ಪೂರ್ತಿ ‘ಇನ್ನೂ ಓದಾಕ ಬರವಲ್ದು’ ಎಂದು ಮಾಸ್ತರರ ತಲೆ ತಿನ್ನುತ್ತೀರಿ. ಆಗಸ್ಟ್‌ನಲ್ಲಿ ಹೆಸರು ಬಿಡಿಸಲು ಆಳು ಸಿಗುವುದಿಲ್ಲ, ಮಗು ನಾಲ್ಕು ದಿನ ಇಲ್ಲ. ದೀಪಾವಳಿ ದಾಟಿದರೆ ಹತ್ತಿ ಬಿಡಿಸುವುದು. ಸಣ್ಣ ಕೈಗೆ ಹತ್ತಿ ಬೇಗ ಬರುತ್ತದೆಂದು ಹೇಳುವವರೂ ನೀವೇ. ಸಂಕ್ರಾಂತಿಯ ಆಚೀಚೆ ಮೆಣಸಿನಕಾಯಿ. ಅವ್ವ ಹೊಲಕ್ಕೆ ಹೋದರೆ ಸಣ್ಣದನ್ನು ಹಿಡಿಯಲು ಯಾರಾದರೂ ಬೇಕು, ಮತ್ತು ಆ ಯಾರಾದರೂ ಎಂಬುದು ಯಾವಾಗಲೂ ಹುಡುಗಿಯೇ. ಮಾರ್ಚ್‌ನಲ್ಲಿ ಹಾಜರಿ ಪುಸ್ತಕ ತೆರೆದರೆ ಅವಳ ಸಾಲಿನಲ್ಲಿ ಒಂದು ಬೆಳೆಯ ಪಂಚಾಂಗವೇ ಇರುತ್ತದೆ. ಎರಡು ವರ್ಷ ಮನೆಯಲ್ಲಿದ್ದ ಕೊರತೆಯನ್ನು ಶಾಲೆ ತುಂಬಿಸುತ್ತದೆ, ಅದು ಆಗದ ಕೆಲಸವಲ್ಲ. ವಾರಕ್ಕೆರಡು ದಿನದಂತೆ ಸೋರುವುದನ್ನು ಯಾವ ಕಲಿಕಾ ಚೇತರಿಕೆಯೂ ತುಂಬಿಸಲಾರದು.

ಬಡತನ ನನಗೆ ಗೊತ್ತಿಲ್ಲವೆಂದಲ್ಲ. ಒಂದು ದಿನದ ಕೂಲಿ ಏನೆಂದೂ ಗೊತ್ತು; ಮಳೆ ಕೈಕೊಟ್ಟ ವರ್ಷ ಅದು ಇನ್ನೂ ಏನಾಗುತ್ತದೆಂದೂ ಗೊತ್ತು. ಮನೆಯ ಕೆಲಸಕ್ಕೆ ಮಗು ಕೈಹಚ್ಚಲೇಬಾರದೆಂದು ಕಾನೂನೂ ಹೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರಿಗೆ ನೆರವಾಗಬಹುದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲೇ ಇದೆ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಮೇಲೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರಲಿ, ಸಾಲಿನ ತುದಿಯಲ್ಲಿ ಕೂತು ಎಷ್ಟು ಚೀಲವಾಯಿತೆಂದು ಬರೆಯಲಿ. ಆ ಲೆಕ್ಕವನ್ನು ಸೋಮವಾರ ಮಾಸ್ತರರಿಗೆ ತೋರಿಸಲಿ.

ಉಳಿದ ಐದು ದಿನ ಆಳು ಸಾಲದಿದ್ದರೆ ಕಾಕಾನನ್ನು ಕರೆಯಿರಿ. ಬೆಳಗಿನ ಹೊತ್ತು ಅವರು ಬಿಡುವಾಗಿಯೇ ಇರುತ್ತಾರೆ, ಹತ್ತಿ ಬಿಡಿಸುತ್ತ ಭೀಮಸೇನ ಜೋಶಿಯವರ ಕಥೆಯನ್ನು ಎಷ್ಟು ಸಲ ಬೇಕಾದರೂ ಹೇಳಬಹುದು.